ಕೆಂಚ ಯಾರ ಮೇಲೆ ಬೊಗಳ್ತಾನೆ?

ನಾನು ಪತ್ತೇದಾರಿ ಕಥೆ ಬರೀತೀನಿ ಅಂತ ಆಫೀಸಲ್ಲಿ ಗೊತ್ತಾದ ದಿನದಿಂದ ಊಟದ ಟೇಬಲ್‌ನಲ್ಲಿ ಬರುವ ಪ್ರಶ್ನೆ ಎರಡೇ. ಒಂದು, ‘ಕೊಲೆ ಯಾರದು?’ ಇನ್ನೊಂದು, ‘ಕಥೆ ನಡೆಯೋದೆಲ್ಲಿ, ವೈಟ್‌ಫೀಲ್ಡಾ?’ ಕೊಲೆ ಇಲ್ಲ, ಬರೀ ಕಳ್ಳತನ, ನಡೆಯೋದು ಬಿಳಿಗೆರೆಯಲ್ಲಿ ಅಂದ್ರೆ ಕೇಳಿದವರ ಮುಖ ಸಪ್ಪಗಾಗುತ್ತೆ. ‘ಬಿಳಿಗೆರೆ ಎಲ್ಲಿ ಬರುತ್ತೆ?’ ತಿಪಟೂರು ತಾಲ್ಲೂಕು. ‘ಓ, ಕೊಬ್ಬರಿ!’ ಅಷ್ಟು ಎಲ್ಲರಿಗೂ ಗೊತ್ತು. ಕದ್ದಿದ್ದೇನು ಅಂತ ಕೇಳಿದರೂ ಉತ್ತರ ಅದೇ.

ನಾನು ವೃತ್ತಿಯಿಂದ ಸಾಫ್ಟ್‌ವೇರ್ ಎಂಜಿನಿಯರ್, ವಯಸ್ಸು ಮೂವತ್ತು. ಬರೆಯೋದು ಶುಕ್ರವಾರ ಸಂಜೆ ಊರಿಗೆ ಹೋಗುವ ರೈಲಿನಲ್ಲಿ, ಭಾನುವಾರ ವಾಪಸ್ ಬರುವ ರೈಲಿನಲ್ಲಿ, ಫೋನ್ ಹಿಡಿದು ಹೆಬ್ಬೆರಳಿನಲ್ಲಿ. ಸೀಟು ಸಿಕ್ಕರೆ ತುಮಕೂರು ದಾಟುವಷ್ಟರಲ್ಲಿ ಎರಡು ಪುಟ ಆಗುತ್ತೆ. ಸಿಗದಿದ್ದರೆ ಬಾಗಿಲ ಹತ್ತಿರ ನಿಂತು ಒಂದು ಪ್ಯಾರಾ. ನಿಮ್ಮಲ್ಲೂ ಹೀಗೆ ಕದ್ದುಮುಚ್ಚಿ ಬರೆಯೋರು ಇದ್ದೀರಿ ಅಂತ ನನಗೆ ಗೊತ್ತು.

ಹುಚ್ಚು ಹತ್ತಿದ್ದು ಚಿಕ್ಕಪ್ಪನ ಟ್ರಂಕಿನಿಂದ. ಅದರಲ್ಲಿ ರಟ್ಟು ಹರಿದ, ಅಂಚು ಮಡಚಿದ ಎನ್. ನರಸಿಂಹಯ್ಯನವರ ಕಾದಂಬರಿಗಳಿದ್ದವು. ಓದಿದ್ದು 4ನೇ ತರಗತಿವರೆಗೆ ಮಾತ್ರ, ಬರೆದದ್ದು 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ. ಪುರುಷೋತ್ತಮ, ಮಧುಸೂದನ, ಅರಿಂಜಯ ಅಂತ ಒಬ್ಬೊಬ್ಬ ಪತ್ತೇದಾರನಿಗೂ ಬೇರೆ ಬೇರೆ ಅಭಿಮಾನಿಗಳಿದ್ದರಂತೆ. ಕನ್ನಡದಲ್ಲಿ ಎಷ್ಟೋ ಜನ ಪುಸ್ತಕ ಹಿಡಿಯೋದನ್ನ ಕಲಿತದ್ದೇ ಅವರಿಂದ. ಚಿಕ್ಕಪ್ಪ ಕಾಯಿ ಕೆಡವಿಸುವಾಗ ಮರದ ಬುಡದಲ್ಲಿ ಕೂತು ಓದ್ತಾ ತಲೆ ಮೇಲೆ ಕಾಯಿ ಬೀಳಿಸಿಕೊಳ್ಳೋದು ಸ್ವಲ್ಪದರಲ್ಲಿ ತಪ್ಪಿತ್ತು ಅಂತ ಅಜ್ಜಿ ಈಗಲೂ ಹೇಳ್ತಾರೆ.

ಆ ಪುಸ್ತಕಗಳಲ್ಲಿ ನನಗೆ ಇಷ್ಟವಾಗಿದ್ದು ವೇಗ. ಆದರೆ ನಾನು ಬರೆಯಲು ಕೂತಾಗ ಬೇಕಿದ್ದ ಜನ ಬೇರೆ. ಪಕ್ಕದ ಮನೆಯಲ್ಲಿ ಇರಬಹುದಾದವರು, ಓದುವಾಗ ‘ಅರೆ, ಇವರನ್ನ ನಾನು ಬಲ್ಲೆ’ ಅನ್ನಿಸುವವರು. ಅಂಥವರು ಸಿಕ್ಕಿದ್ದು ನಮ್ಮ ಹಿತ್ತಲಿನಲ್ಲಿ. ಅದೂ ಒಂದು ನಾಯಿ, ಒಂದು ಬೆಕ್ಕಿನ ಮೂಲಕ.

ಅದಕ್ಕೆ ಮುಂಚೆ ಅಟ್ಟದ ವಿಷಯ ಹೇಳಿಬಿಡ್ತೀನಿ. ನಮ್ಮ ಸೀಮೆಯದು ಉಂಡೆ ಕೊಬ್ಬರಿ. ಕರಾವಳಿಯ ಥರ ಕಾಯಿ ಒಡೆದು ಬಿಸಿಲಿಗೆ ಹಾಕೋದಲ್ಲ. ಚೆನ್ನಾಗಿ ಬಲಿತ ಕಾಯಿಯನ್ನ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗುತ್ತೆ. ಕೊಬ್ಬರಿ ಒಣಗಿ, ಚಿಪ್ಪು ಬಿಟ್ಟು, ಒಳಗೇ ಉಂಡೆಯಾಗಿ ಕೂರುತ್ತೆ. ಆಗ ಕಾಯಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿದರೆ ‘ಲೊಡ ಲೊಡ’ ಅನ್ನುತ್ತೆ. ಇನ್ನೂ ಆಗಿರದಿದ್ದರೆ ‘ಗುಳ ಗುಳ’ ಅಂತ ನೀರಿನ ಸದ್ದು. ಎರಡರ ಮಧ್ಯೆ ಸದ್ದೇ ಇಲ್ಲದ ಒಂದು ಕಾಲವೂ ಇದೆ. ಆವಾಗ ಕೈಗೆ ಸಿಗೋ ತೂಕದ ಮೇಲೆ ಹೇಳಬೇಕು. ನಮ್ಮ ಅಜ್ಜಿ ಹೇಳ್ತಾರೆ. ನಾನು ಹೇಳಲಾರೆ.

ಅಂದರೆ ಮನೆಯ ಒಂದು ವರ್ಷದ ದುಡಿಮೆ ಹಿತ್ತಲಿನ ಷೆಡ್ಡಿನ ಅಟ್ಟದ ಮೇಲೆ ಮಾತಿಲ್ಲದೆ ಕೂತಿರುತ್ತೆ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ. ಅದಕ್ಕಿಂತ ಕೆಳಗೆ ಮಾರಿ ಕಣ್ಣೀರು ಹಾಕಿದವರನ್ನ ನೋಡಿದ್ದೇವೆ. ಮರುವರ್ಷ, 2025ರಲ್ಲಿ, ತಿಪಟೂರು ಮಾರುಕಟ್ಟೆಯಲ್ಲಿ ಬೆಲೆ 20 ಸಾವಿರ ದಾಟಿ ಮೇಲೆ ಹೋಯಿತು. ಅಷ್ಟು ವರ್ಷ ಷೆಡ್ಡಿನ ಬಾಗಿಲಿಗೆ ಒಂದು ಕಡ್ಡಿ ಸಿಕ್ಕಿಸಿ ಮಲಗುತ್ತಿದ್ದ ಅಪ್ಪ ಬೀಗ ತಂದರು. ಬೀಗ ಬಂತು ಅಂದ್ರೆ ಮನೆಗೆ ಅನುಮಾನವೂ ಬಂತು ಅಂತಲೇ ಲೆಕ್ಕ.

ಆ ವರ್ಷ ಅಟ್ಟ ಇಳಿಸುವ ದಿನ ನಾನು ರಜೆ ಹಾಕಿ ಊರಲ್ಲಿದ್ದೆ. ಅಜ್ಜಿ ಕಂಬಕ್ಕೆ ಒರಗಿ ಕೂತು ಒಂದೊಂದೇ ಕಾಯಿ ಅಲ್ಲಾಡಿಸಿ ಕೇಳ್ತಿದ್ದರು. ಲೊಡ ಲೊಡ, ಲೊಡ ಲೊಡ. ಹೀಗೇ ನಡೀತಾ ಇದ್ದಾಗ ಇದ್ದಕ್ಕಿದ್ದಂತೆ ಗುಳ ಗುಳ. ಅಜ್ಜಿ ಕೈ ನಿಲ್ಲಿಸಿದರು. ಇನ್ನೊಂದು. ಅದೂ ಗುಳ ಗುಳ. ಒಟ್ಟು ಹದಿನೈದು ಕಾಯಿ.

‘ಇವು ನಮ್ಮ ಅಟ್ಟದವಲ್ಲ ಕಣಮ್ಮಿ’ ಅಂದರು ಅಜ್ಜಿ.

ಅರ್ಧ ಗಂಟೆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಆಮೇಲೆ ತೋಟದಿಂದ ಅಪ್ಪ ಬಂದು, ತಿಂಗಳ ಕೆಳಗೆ ಗಾಳಿಗೆ ಉದುರಿದ ಕಾಯಿಗಳನ್ನ ತಾನೇ ಮೇಲಕ್ಕೆ ಎಸೆದಿದ್ದೆ ಅಂದರು. ಅಲ್ಲಿಗೆ ರಹಸ್ಯ ಮುಗೀತು. ಎಲ್ಲರೂ ಕಾಫಿ ಕುಡಿದರು. ನನಗೆ ಮಾತ್ರ ಆ ಅರ್ಧ ಗಂಟೆ ತಲೆಯಿಂದ ಹೋಗಲಿಲ್ಲ. ಯಾರೋ ಒಣಗಿದ ಕಾಯಿ ಒಯ್ದು, ಅಷ್ಟೇ ಹಸಿ ಕಾಯಿ ಇಟ್ಟಿದ್ದರೆ? ಎಣಿಸಿದರೆ ಲೆಕ್ಕ ಸರಿ. ನೋಡಿದರೆ ಅಟ್ಟ ತುಂಬಿದೆ. ಬೀಗ ಮುರಿದಿಲ್ಲ. ಕದ್ದದ್ದು ಗೊತ್ತಾಗೋದು ಕಿವಿಗೆ ಮಾತ್ರ. ಇದಕ್ಕಿಂತ ಒಳ್ಳೆಯ ಕಳ್ಳತನವನ್ನ ನಾನು ಕೂತು ಯೋಚಿಸಿದ್ದರೂ ಕಟ್ಟಲಾಗುತ್ತಿರಲಿಲ್ಲ.

ಇನ್ನು ನಮ್ಮನೆ ಬೆಕ್ಕು. ಇದಕ್ಕೆ ಹೆಸರಿಲ್ಲ. ಅಜ್ಜಿ ‘ಮುಂಡೇದು’ ಅಂತಾರೆ, ಅದು ಬರುತ್ತೆ. ಅಟ್ಟದಲ್ಲಿ ಇಲಿ ಕಾಯೋದು ಅದರ ಕೆಲಸ, ಮರಿ ಹಾಕೋದೂ ಅಲ್ಲೇ. ಬೆಕ್ಕು ಮರಿಗಳನ್ನ ಏಳು ಮನೆ ಸುತ್ತಿಸುತ್ತೆ ಅನ್ನೋ ಮಾತು ನೀವೂ ಕೇಳಿರ್ತೀರಿ. ಆದರೆ ಸುಮ್ಮನೆ ಸುತ್ತಿಸಲ್ಲ. ಜಾಗದಲ್ಲಿ ಯಾರೋ ಓಡಾಡಿದರು, ಗೂಡು ಕದಲಿತು ಅನ್ನಿಸಿದರೆ ಒಂದೊಂದೇ ಮರಿಯ ಕತ್ತು ಕಚ್ಚಿಕೊಂಡು ಬೇರೆ ಕಡೆ ಸಾಗಿಸಿಬಿಡುತ್ತೆ. ನನ್ನ ಕಥೆಯ ಮೊದಲ ಸುಳಿವು ಇದೇ. ಅಟ್ಟದ ಬೀಗ ಹಾಕಿದಂತೇ ಇದೆ. ಬೆಕ್ಕು ಮಾತ್ರ ರಾತ್ರೋರಾತ್ರಿ ಮರಿಗಳ ಜೊತೆ ಕೊಟ್ಟಿಗೆಗೆ ಸಂಸಾರ ಸಾಗಿಸಿದೆ. ಬೆಳಿಗ್ಗೆ ಹಾಲು ಕರೆಯೋಕೆ ಹೋದ ಹೆಂಗಸು ಗೊಂತಿನ ಮೂಲೆಯಲ್ಲಿ ಮೂರು ಮರಿ ನೋಡಿ ‘ಅಯ್ಯೋ, ಇಲ್ಲಿಗ್ಯಾಕೆ ಬಂದ್ರೇ’ ಅಂತ ಕೇಳ್ತಾಳೆ. ಅಲ್ಲಿಂದ ಕಥೆ ಶುರು.

ಬೆಕ್ಕು ಏನನ್ನೂ ಕಂಡುಹಿಡಿಯಲ್ಲ ಅನ್ನೋದನ್ನ ಗಮನಿಸಿ. ಅದಕ್ಕೆ ಕಳ್ಳನ ಚಿಂತೆ ಇಲ್ಲ, ಮರಿಗಳ ಚಿಂತೆ. ಪ್ರಾಣಿಯನ್ನ ಕಥೆಗೆ ತಂದು ಪೊಲೀಸ್ ಮಾಡಿಬಿಟ್ಟರೆ ನನಗೆ ಓದೋಕಾಗಲ್ಲ. ಸಿನಿಮಾದಲ್ಲಿ ನಾಯಿ ಪಿಸ್ತೂಲು ಕಚ್ಚಿಕೊಂಡು ಬಂದಾಗ ಶಿಳ್ಳೆ ಹೊಡೆದವಳೇ ನಾನು, ಆದರೆ ಅದು ಬೇರೆ ಸಂತೋಷ.

ನನ್ನ ಕೆಲಸ ಏನು ಅಂದ್ರೆ, ಸರ್ವರ್‌ಗಳು ಎಡವಟ್ಟು ಮಾಡಿಕೊಂಡಾಗ ಕಾರಣ ಹುಡುಕೋದು. ರಾತ್ರಿ ಎರಡು ಗಂಟೆಗೆ ಅಲರ್ಟ್ ಬರುತ್ತೆ, ಎದ್ದು ಲಾಗ್ ತೆಗೆದು ನೋಡಬೇಕು. ಈ ಕೆಲಸದಲ್ಲಿ ಮೊದಲು ಕಲಿಯೋದೇ ಇದು: ಏನೂ ಆಗದ ದಿನ ಆ ಸರ್ವರ್ ಹೇಗಿರುತ್ತೆ ಅಂತ ಗೊತ್ತಿಲ್ಲದಿದ್ದರೆ, ಏನಾದರೂ ಆದ ದಿನ ಲಾಗ್ ಓದಿ ಉಪಯೋಗವಿಲ್ಲ. ಪಾತ್ರಗಳೂ ಹಾಗೇ. ‘ಅವನ ಕಣ್ಣಲ್ಲಿ ಕ್ರೌರ್ಯವಿತ್ತು’ ಅಂತ ಬರೆದರೆ ಓದುವವರಿಗೆ ಅವನು ಸಿಗಲ್ಲ. ದಿನಾ ಕಾಫಿಗೆ ಎರಡು ಚಮಚ ಸಕ್ಕರೆ ಹಾಕಿಸಿಕೊಳ್ಳೋ ಮನುಷ್ಯ ಇವತ್ತು ಲೋಟ ಮುಟ್ಟಲಿಲ್ಲ ಅಂದ್ರೆ ತಕ್ಷಣ ಸಿಗ್ತಾನೆ. ಸಾಕುಪ್ರಾಣಿ ಇರೋ ಮನೆಯವರಿಗೆ ಈ ಅಭ್ಯಾಸ ಆಗಲೇ ಇರುತ್ತೆ. ಅದು ಮಾತಾಡಲ್ಲ, ಹಾಗಾಗಿ ನಾವು ಅದರ ದಿನಚರಿಯನ್ನೇ ಓದಬೇಕು. ಅನ್ನ ಬಿಟ್ಟಿತಾ, ಮಲಗೋ ಜಾಗ ಬದಲಾಯಿಸಿತಾ, ಬಾಲ ಎಲ್ಲಿದೆ. ಮನುಷ್ಯರನ್ನೂ ಅಷ್ಟೇ ಗಮನ ಕೊಟ್ಟು ನೋಡಿದರೆ ಕಥೆಗೆ ಬೇಕಾದ್ದು ಸಿಗುತ್ತೆ. ನಾವು ಮಾತಿಗೆ ಮರುಳಾಗಿ ನೋಡೋದನ್ನ ಬಿಟ್ಟಿರ್ತೀವಿ ಅಷ್ಟೇ.

ಹಾಗಾಗಿ ನನ್ನ ಫೋನಲ್ಲಿ ಒಂದು ನೋಟ್ ಇದೆ. ಅದರಲ್ಲಿ ಪಾತ್ರದ ಹೆಸರು, ವಯಸ್ಸು, ಮೈಬಣ್ಣ ಯಾವುದೂ ಇಲ್ಲ. ‘ಬಸ್‌ಸ್ಟಾಪಲ್ಲಿ ಒಬ್ಬರು. ಮಳೆ ಇಲ್ಲದಿದ್ದರೂ ಕೊಡೆ ಬಿಚ್ಚಿ ಮಡಚ್ತಾರೆ.’ ‘ಅತ್ತೆ ಸುಳ್ಳು ಹೇಳುವಾಗ ಸೆರಗಿನ ತುದಿಯಿಂದ ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸ್ತಾರೆ.’ ಹೀಗೆ. (ಅತ್ತೆ ಇದನ್ನ ಓದಲ್ಲ ಅನ್ನೋ ಧೈರ್ಯದ ಮೇಲೆ ಬರೆದಿದ್ದೇನೆ.) ನನ್ನ ಕಥೆಯ ಎಎಸ್‌ಐ ಕೂರೋಕೆ ಮುಂಚೆ ಕುರ್ಚಿಯನ್ನ ಒಂದು ಸುತ್ತು ಹಾಕ್ತಾರೆ. ಅದು ನಮ್ಮ ಕೆಂಚನಿಂದ ಬಂದದ್ದು. ಆ ಮನೆಯ ಅಳಿಯ ಯಾವಾಗಲೂ ಹಿತ್ತಲ ಬಾಗಿಲಿನಿಂದಲೇ ಬರ್ತಾರೆ, ಎರಡೂ ಬಾಗಿಲು ಕಾಣೋ ಜಾಗದಲ್ಲೇ ಕೂರ್ತಾರೆ, ಹಾಲು ಕಾಯೋ ಹೊತ್ತಿಗೆ ಸರಿಯಾಗಿ ಪ್ರತ್ಯಕ್ಷ. ಇದು ಯಾರಿಂದ ಬಂತು ಅಂತ ಹೇಳಬೇಕಿಲ್ಲ. ಒಬ್ಬ ಓದುಗಳಾದರೂ ‘ಅಳಿಯ ಬೆಕ್ಕಿನ ಥರ’ ಅಂತ ಗುರುತಿಸಲಿಲ್ಲ. ಆದರೆ ‘ಅವನು ನಮ್ಮ ಭಾವನ ಥರಾನೇ’ ಅಂದವರು ಮೂರು ಜನ.

ದೊಡ್ಡವರೂ ಇದನ್ನೇ ಮಾಡಿದ್ದಾರೆ ಅಂತ ಗೊತ್ತಾದಾಗ ಸಮಾಧಾನ ಆಯ್ತು. ಅಗಾಥಾ ಕ್ರಿಸ್ಟಿ ಮನೆಯಲ್ಲಿ ಪೀಟರ್ ಅಂತ ಒಂದು ಟೆರಿಯರ್ ನಾಯಿ ಇತ್ತು. 1937ರಲ್ಲಿ ಬಂದ ‘ಡಂಬ್ ವಿಟ್ನೆಸ್’ ಕಾದಂಬರಿಯನ್ನ ಆಕೆ ಅರ್ಪಿಸಿದ್ದೇ ಆ ಪೀಟರ್‌ಗೆ. ಅದರಲ್ಲಿ ಬರೋ ಬಾಬ್ ಅನ್ನೋ ನಾಯಿ ಚೆಂಡನ್ನ ಮೆಟ್ಟಿಲ ಮೇಲಿಂದ ಉರುಳಿಸಿ ಆಟ ಆಡುತ್ತೆ. ಒಂದು ರಾತ್ರಿ ಮನೆಯ ಯಜಮಾನಿ ಮೆಟ್ಟಿಲಿನಿಂದ ಬೀಳ್ತಾಳೆ. ಚೆಂಡಿನ ಮೇಲೆ ಕಾಲಿಟ್ಟು ಜಾರಿದಳು, ನಾಯಿಯದೇ ತಪ್ಪು ಅಂತ ಮನೆಯವರೆಲ್ಲ ತೀರ್ಮಾನ ಮಾಡಿಬಿಡ್ತಾರೆ. ಆ ರಾತ್ರಿಯೆಲ್ಲ ನಾಯಿ ಮನೆಯಿಂದ ಹೊರಗೇ ಇತ್ತಲ್ಲ ಅನ್ನೋದು ಪೊಯ್ರೊಗೆ ಹೊಳೆಯುತ್ತೆ. ಮಾತು ಬಾರದವರ ಮೇಲೆ ತಪ್ಪು ಹೊರಿಸೋದು ಎಷ್ಟು ಸುಲಭ ನೋಡಿ. ಈ ಎಳೆಯನ್ನ ನೆನಪಿಟ್ಟುಕೊಳ್ಳಿ.

ಕ್ರಿಸ್ಟಿಯ ವಿಷದ ಜ್ಞಾನವೂ ಆಕಾಶದಿಂದ ಬಂದದ್ದಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಟಾರ್ಕೀ ಊರಿನ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿದ್ದರು. ಅದೇ ಊರಿಗೆ ಬಂದಿದ್ದ ಬೆಲ್ಜಿಯಂ ನಿರಾಶ್ರಿತರನ್ನ ನೋಡಿಯೇ ಪೊಯ್ರೊನನ್ನ ಬೆಲ್ಜಿಯಂನವನನ್ನಾಗಿ ಮಾಡಿದ್ದು. ಮಿಸ್ ಮಾರ್ಪಲ್‌ಳಲ್ಲಿ ಅಜ್ಜಿಯ ವಾರಿಗೆಯ ಹೆಂಗಸರ ಛಾಯೆ ಇದೆ. ನಮ್ಮ ಅಜ್ಜಿಯ ವಾರಿಗೆಯವರು ನಾಲ್ಕು ಜನ ಜಗುಲಿ ಮೇಲೆ ಕೂತರೆ ಸಂಜೆಯೊಳಗೆ ಬಿಳಿಗೆರೆಯ ಎಲ್ಲ ಕೇಸೂ ಇತ್ಯರ್ಥ.

ಕನ್ನಡದಲ್ಲಿ ನನಗೆ ದಾರಿ ತೋರಿಸಿದ್ದು ತೇಜಸ್ವಿ. ಅವರ ಸಾಕುನಾಯಿ ಕಿವಿ ‘ಪರಿಸರದ ಕತೆ’ಯಲ್ಲೂ ಇದೆ, 1980ರ ‘ಕರ್ವಾಲೊ’ದಲ್ಲೂ ಇದೆ. ಹಾರುವ ಓತಿಯ ಹಿಂದೆ ಕಾಡು ಅಲೆಯೋ ಕಥೆಯನ್ನ ನಾವು ನಂಬೋದು ಯಾಕೆ? ಆ ಗುಂಪಿನ ಜೊತೆಯಲ್ಲಿ ಹೇಳಿದ ಮಾತು ಕೇಳದ, ಸಿಕ್ಕಿದ್ದರ ಹಿಂದೆ ಓಡೋ ಒಂದು ನಿಜವಾದ ನಾಯಿ ಇದೆ ಅನ್ನೋದು ನನ್ನ ಅಭಿಪ್ರಾಯದಲ್ಲಿ ಅರ್ಧ ಕಾರಣ. ‘ಚಿದಂಬರ ರಹಸ್ಯ’ದಲ್ಲಿ ಪತ್ತೆಗೆ ಬಂದ ಅಧಿಕಾರಿ ಇದ್ದಾನೆ, ವಿಜ್ಞಾನಿಯ ಸಾವಿದೆ, ಏಲಕ್ಕಿ ಇದೆ. ನಮಗೆ ಹತ್ತಿರದ್ದು ಕೊಬ್ಬರಿ, ಅಷ್ಟೇ ವ್ಯತ್ಯಾಸ ಅಂತ ನಾನು ಕಾಲೇಜಿನಲ್ಲಿದ್ದಾಗಲೇ ಅಂದುಕೊಂಡಿದ್ದೆ.

ಈಗ ಕೆಂಚನ ವಿಷಯಕ್ಕೆ ಬರ್ತೀನಿ. ಕೆಂಚ ಜಾತಿನಾಯಿ ಅಲ್ಲ. ಬಸ್‌ಸ್ಟಾಪಿನಿಂದ ನನ್ನ ತಮ್ಮನ ಹಿಂದೆ ಬಂದು ಉಳಿದವನು. ಆರು ವರ್ಷದಿಂದ ಇದ್ದಾನೆ. ನಮ್ಮಲ್ಲಿ ಕಾಯಿ ಸುಲಿಯಲು ಬರೋ ಅಣ್ಣನೊಬ್ಬರು ಅದಕ್ಕಿಂತ ಮುಂಚಿನಿಂದ ಇದ್ದಾರೆ. ನೆಲದಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಚುಚ್ಚಿ ಮೂರೇ ತಿರುವಿಗೆ ಸಿಪ್ಪೆ ಬಿಡಿಸ್ತಾರೆ. ಎಷ್ಟೇ ಕಾಯಿ ಇರಲಿ, ಬೆನ್ನು ನೆಟ್ಟಗೆ ಮಾಡೋದು ಊಟದ ಹೊತ್ತಿಗೆ. ಕೆಂಚ ಇವರ ಮೇಲೆ ಈಗಲೂ ಬೊಗಳ್ತಾನೆ. ಆರು ವರ್ಷ ನೋಡಿದ ಮುಖ, ಆದರೂ ಗೇಟಿನ ಹತ್ತಿರ ಬಂದರೆ ಸಾಕು, ಗಂಟಲು ಹರಿಯೋ ಹಾಗೆ ಬೊಗಳ್ತಾನೆ. ಅದೇ, ವರ್ಷಕ್ಕೆ ಮೂರು ಸಲ ಮಂಡಿ ಕಡೆಯಿಂದ ಕೊಬ್ಬರಿ ನೋಡಲು ಬರೋ ದಲ್ಲಾಳಿಗೆ ಬಾಲ ಅಲ್ಲಾಡಿಸ್ತಾನೆ.

ಇದನ್ನ ಹಾಗೇ ಕಥೆಗೆ ಹಾಕಿದೆ. ಶೆರ್ಲಾಕ್ ಹೋಮ್ಸ್‌ನ ‘ಸಿಲ್ವರ್ ಬ್ಲೇಜ್’ ಕಥೆ ನಿಮಗೆ ಗೊತ್ತಿರಬಹುದು, 1892ರದ್ದು. ರಾತ್ರಿ ಲಾಯದಿಂದ ಕುದುರೆ ಹೋದರೂ ನಾಯಿ ಬೊಗಳಲಿಲ್ಲ, ಅಂದರೆ ಬಂದವನು ನಾಯಿಗೆ ಪರಿಚಯದವನು ಅಂತ ಹೋಮ್ಸ್ ಹಿಡೀತಾನೆ. ನನ್ನ ಕಥೆಯಲ್ಲೂ ಕಳ್ಳತನದ ರಾತ್ರಿ ನಾಯಿ ಸುಮ್ಮನಿದೆ. ಅದೇ ನಾಯಿ ಹಗಲು ಹೊತ್ತು ಸುಲಿಯೋರ ಮೇಲೆ ದಿನಾ ಬೊಗಳುತ್ತೆ. ಲೆಕ್ಕ ಸರಳ. ಯಾರ ಮೇಲೆ ಬೊಗಳುತ್ತೋ ಅವರು ಕಳ್ಳರಲ್ಲ. ಓದುಗರು ಮೂರನೇ ಅಧ್ಯಾಯದಲ್ಲೇ ಸುಲಿಯೋರನ್ನ ಪಟ್ಟಿಯಿಂದ ಹೊರಗೆ ಹಾಕ್ತಾರೆ, ಆಟ ಅಲ್ಲಿಂದ ಮುಂದೆ ಅಂತ ನನ್ನ ಯೋಜನೆ.

ಅರ್ಧ ಕಥೆಯನ್ನ ನೆಂಟರ ವಾಟ್ಸ್ಯಾಪ್ ಗುಂಪಿಗೆ ಹಾಕಿ ‘ಕಳ್ಳ ಯಾರು ಹೇಳಿ’ ಅಂದೆ. ಒಂಬತ್ತು ಉತ್ತರ ಬಂದವು. ಏಳರಲ್ಲಿ ಸುಲಿಯೋರು. ದೊಡ್ಡಮ್ಮ ಕಾರಣವನ್ನೂ ಬರೆದಿದ್ದರು: ‘ನಾಯಿ ಸುಮ್ನೆ ಬೊಗಳುತ್ತಾ?’

ನಾನು ಒಂದೂ ಸುಳಿವನ್ನ ಆ ಕಡೆ ತಿರುಗಿಸಿರಲಿಲ್ಲ. ಇದ್ದ ಒಂದೇ ಸುಳಿವು ಅವರನ್ನ ಬಿಡುಗಡೆ ಮಾಡುವಂಥದ್ದು. ಅಳಿಯನ ಹತ್ತಿರ ಬೀಗದ ಕೈ ಇದೆ, ಸಾಲ ಇದೆ, ಬೆಕ್ಕಿನ ನಡಿಗೆ ಇದೆ. ದಲ್ಲಾಳಿಗೆ ಕೊಬ್ಬರಿ ಮಾರೋ ದಾರಿ ಗೊತ್ತಿದೆ. ಆದರೂ ಓದುಗರ ಬೆರಳು ಹೋದದ್ದು ಬೆವರು ಸುರಿಸಿ ಕೂಲಿ ತಗೊಂಡು ಹೋಗೋ ಮನುಷ್ಯನ ಕಡೆ. ಅನುಮಾನಕ್ಕೂ ಕಾಲುದಾರಿ ಇರುತ್ತೆ. ಬಹಳ ಜನ ನಡೆದು ನಡೆದು ಹುಲ್ಲು ಸವೆದ ದಾರಿ. ಕಥೆಗಾರಳು ಏನೂ ಮಾಡಬೇಕಿಲ್ಲ, ಓದುವವರು ತಾವೇ ಅದರಲ್ಲಿ ಹೋಗಿಬಿಡ್ತಾರೆ.

ಇಷ್ಟೇ ಆಗಿದ್ದರೆ ಕಥೆ ಬರೆಯೋರ ಒಂದು ಪಾಠ ಅಂತ ಇಟ್ಟುಕೊಳ್ಳಬಹುದಿತ್ತು. ಆದರೆ ವಾಟ್ಸ್ಯಾಪ್ ಅಂದ ಮೇಲೆ ಗೊತ್ತಲ್ಲ, ಗುಂಪಿನಿಂದ ಗುಂಪಿಗೆ ಹಾರುತ್ತೆ. ಒಂದು ಸಂಜೆ ಮೆಸೇಜ್ ಬಂತು. ಸುಲಿಯುವ ಅಣ್ಣನ ಮಗಳದ್ದು. ತಿಪಟೂರಿನಲ್ಲಿ ಡಿಗ್ರಿ ಓದ್ತಾಳೆ. ‘ಅಕ್ಕಾ, ಕಥೆ ಓದಿದೆ. ಚೆನ್ನಾಗಿದೆ. ಅದರಲ್ಲಿ ಕಾಯಿ ಸುಲಿಯೋರು ನಮ್ಮಪ್ಪನಾ?’

ಆ ಪ್ರಶ್ನೆಗೆ ಮೆಸೇಜಲ್ಲಿ ಉತ್ತರ ಕೊಡೋದು ಸರಿಯಲ್ಲ ಅನ್ನಿಸಿತು. ಪಾತ್ರ ಅಂದ್ರೆ ಕಲ್ಪನೆ, ಯಾರಿಗೂ ಸಂಬಂಧಿಸಿದ್ದಲ್ಲ ಅಂತ ಸಿನಿಮಾ ಶುರುವಿನಲ್ಲಿ ಹಾಕ್ತಾರಲ್ಲ, ಅಂಥದ್ದು ಬರೆಯಬಹುದಿತ್ತು. ಆದರೆ ಅವಳು ಕೇಳ್ತಿದ್ದದ್ದು ಅದಲ್ಲ. ಊರಲ್ಲಿ ಈಗಾಗಲೇ ಬೀಗ ಬಂದಿರೋ ವರ್ಷ. ಯಾರದೋ ಅಟ್ಟದಲ್ಲಿ ನಿಜವಾಗಿ ನಾಲ್ಕು ಕಾಯಿ ಕಡಿಮೆಯಾದರೆ ನನ್ನ ಕಥೆ ಯಾರ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತೆ ಅಂತ ಕೇಳ್ತಿದ್ದಳು.

ಮುಂದಿನ ಶನಿವಾರ ಅವರು ನಮ್ಮ ತೋಟದಲ್ಲೇ ಸುಲೀತಿದ್ದರು. ಹೋಗಿ ಸಿಪ್ಪೆ ರಾಶಿ ಪಕ್ಕ ಕೂತೆ.

‘ಅಣ್ಣಾ, ನಾನೊಂದು ಕಥೆ ಬರೆದಿದ್ದೀನಿ.’

‘ಮಗ್ಳು ಓದ್ ಹೇಳುದ್ಲು ಕಣವ್ವಾ’ ಅಂದರು, ಕೈ ನಿಲ್ಲಿಸದೆ. ‘ಬೆಕ್ಕಿಂದು ಚೆನ್ನಾಗಿ ಬರ್ದಿದೀರ. ಅದು ಹಂಗೇ ಮಾಡ್ತದೆ.’

‘ನಾಯಿದು?’

ಎರಡು ಕಾಯಿ ಸುಲಿಯೋವರೆಗೆ ಮಾತಿಲ್ಲ. ಆಮೇಲೆ ಹೇಳಿದರು. ‘ನಾಯಿ ಬೊಗಳೋದು ದಿಟ. ಆದ್ರೆ ನೀವು ಬರ್ದಂಗೆ ಪರಿಚಯ ಇಲ್ದೆ ಅಲ್ಲ. ಅದು ಮನೇರ್ನ ನೋಡ್ ಕಲೀತದೆ. ಯಾರು ಜಗ್ಲಿ ದಾಟಿ ಒಳಿಕ್ ಬತ್ತಾರೆ, ಯಾರಿಗೆ ಒಳಗ್ ಕುಂಡ್ರುಸಿ ಕಾಪಿ ಕೊಡ್ತಾರೆ, ಅವ್ರು ನಮ್ಮೋರು ಅಂತ ಲೆಕ್ಕ ಅದುಕ್ಕೆ. ನಾನು ಜಗ್ಲಿ ದಾಟುದ್ದು ಯಾವಾಗ ಹೇಳಿ?’

ದೂರುವ ದನಿ ಇರಲಿಲ್ಲ. ಕಾಯಿ ಬಲಿತಿದೆಯೋ ಇಲ್ಲವೋ ಅಂತ ಹೇಳುವ ದನಿಯೇ. ಮತ್ತೊಂದು ಕಾಯಿ ಎತ್ತಿ ಮೊನೆಗೆ ಚುಚ್ಚಿದರು.

ನನ್ನ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಕೆಂಚ ನಮ್ಮ ಮನೆಯ ಡೇಟಾ ತಿಂದು ತಯಾರಾದ ಮಾಡೆಲ್. ನಾವು ಆರು ವರ್ಷ ಬಾಯಿ ಬಿಟ್ಟು ಹೇಳದೇ ಇದ್ದದ್ದನ್ನ ಅವನು ಗೇಟಿನಲ್ಲಿ ನಿಂತು ಊರಿಗೆ ಕೇಳೋ ಹಾಗೆ ಹೇಳ್ತಿದ್ದ. ಲಾಗ್ ದಿನಾ ಬರ್ತಿತ್ತು. ಅದನ್ನ ಓದಿದ್ದು ಬೊಗಳಿಸಿಕೊಂಡ ಮನುಷ್ಯ.

ಆ ದಿನ ಅವರು ಇನ್ನೂ ಬಹಳ ಹೇಳಿದರು, ಬಹುಪಾಲು ಕಾಯಿಯ ಬಗ್ಗೆ. ಅಟ್ಟದ ಕಾಯಿಯನ್ನ ಅಲ್ಲಾಡಿಸೋದೇ ಬೇಡವಂತೆ, ಮೊನೆಗೆ ಒತ್ತಿದಾಗ ಸಿಪ್ಪೆ ಬಿಡೋ ರೀತಿಯಲ್ಲೇ ಗೊತ್ತಾಗುತ್ತಂತೆ. ಒಣಗಿದ್ದು ‘ಪರ್’ ಅಂತ ಬಿಡುತ್ತೆ, ಹಸಿಯದು ಅಂಟಿಕೊಂಡು ಬರುತ್ತೆ. ಒಳಗೆ ಕೆಟ್ಟಿದ್ದರೆ ಚಿಪ್ಪು ಒಡೆಯೋಕೆ ಮುಂಚೆಯೇ ಕೌಟು ವಾಸನೆ ಮೂಗಿಗೆ ಬರುತ್ತೆ. ಯಾವ ತೋಟದ ಕಾಯಿ ಅಂತಲೂ ಸುಮಾರಾಗಿ ಹೇಳಬಹುದಂತೆ. ನೀರಾವರಿ ಇರೋ ತೋಟದ್ದು, ಮಳೆ ನಂಬಿದ ತೋಟದ್ದು, ನುಸಿ ಹೊಡೆದು ಸಿಪ್ಪೆ ಸೀಳು ಬಿಟ್ಟದ್ದು. ನಾನು ಕಿವಿ ನಿಮಿರಿಸಿ ಕೇಳ್ತಿದ್ದೆ. ಹಸಿ ಕಾಯಿ ಇಟ್ಟವರು ಅದನ್ನ ಯಾವ ತೋಟದಿಂದ ತಂದರು ಅಂತ ಸಿಪ್ಪೆ ನೋಡಿ ಹೇಳಬಲ್ಲ ಮನುಷ್ಯ ಊರಲ್ಲಿ ಇರೋದು ಒಬ್ಬರೇ. ನನ್ನ ಕಥೆಗೆ ಪತ್ತೇದಾರ ಇನ್ಯಾರು ಆಗಬೇಕು?

‘ಅಣ್ಣಾ, ಕಥೆಯಲ್ಲಿ ಕಳ್ಳನ್ನ ಹಿಡಿಯೋರು ನೀವೇ ಆದರೆ ಪರವಾಗಿಲ್ವಾ?’

‘ನನ್ ಹೆಸ್ರು ಹಾಕ್‌ಬ್ಯಾಡಿ. ಕೆಲ್ಸ ಹಾಕ್ಕಳಿ.’

ಹೆಸರು ಹಾಕಿಲ್ಲ. ಕಥೆಯಲ್ಲೂ ಇಲ್ಲ, ಇಲ್ಲೂ ಇಲ್ಲ. ಮಗಳಿಗೆ ಮೆಸೇಜ್ ಮಾಡಿ, ಹೌದು, ಆ ಕೈ ನಿಮ್ಮಪ್ಪನದು, ಇನ್ನು ಮುಂದೆ ಕಥೆ ಅವರದೇ ಅಂದೆ. ಅವಳು ಒಂದು ಬೆಕ್ಕಿನ ಸ್ಟಿಕ್ಕರ್ ಕಳಿಸಿದಳು. ಈಗ ಹೊಸ ಅಧ್ಯಾಯಗಳನ್ನ ಮೊದಲು ಓದೋದು ಅವಳೇ. ಓದಿ ಅಪ್ಪನಿಗೆ ಹೇಳ್ತಾಳೆ, ತಿದ್ದುಪಡಿಗಳನ್ನ ನನಗೆ ವಾಯ್ಸ್ ನೋಟ್‌ನಲ್ಲಿ ಕಳಿಸ್ತಾಳೆ. ಆಫೀಸಿನ ಕೋಡ್ ರಿವ್ಯೂನಲ್ಲೂ ನನಗೆ ಇಷ್ಟು ಕಾಮೆಂಟ್ ಬಂದಿಲ್ಲ.

ಪಾತ್ರ ಬದಲಾದ ಮೇಲೆ ಕಥೆಯೂ ತಾನಾಗಿ ಬೇರೆಯಾಯಿತು. ಮೊದಲು ಪೊಲೀಸರು ಬಂದ ಕೂಡಲೇ ಊರಿನವರು ಸುಲಿಯೋರ ಕಡೆ ಬೆರಳು ತೋರಿಸ್ತಾರೆ, ನೆಂಟರ ಗುಂಪಿನಲ್ಲಿ ಆದಂತೆಯೇ. ದೊಡ್ಡಮ್ಮನ ಮಾತನ್ನ ಒಂದು ಅಕ್ಷರ ಬದಲಾಯಿಸದೆ ಒಬ್ಬ ಹೆಂಗಸಿನ ಬಾಯಿಗೆ ಹಾಕಿದ್ದೇನೆ. ಅಲ್ಲಿಂದ ಆ ಮನುಷ್ಯನಿಗೆ ಕಳ್ಳ ಯಾರು ಅಂತ ಹುಡುಕೋದು ಮಾನದ ಪ್ರಶ್ನೆ. ನರಸಿಂಹಯ್ಯನವರ ಪುರುಷೋತ್ತಮನಿಗೆ ಕೇಸು ಯಾರಾದರೂ ತಂದುಕೊಡಬೇಕಿತ್ತು. ಇವರಿಗೆ ಕೇಸು ಕೊರಳಿಗೇ ಬಂದು ಬೀಳುತ್ತೆ. ನಾಯಿ ಬೊಗಳೋದನ್ನೂ ತೆಗೆದಿಲ್ಲ. ಅದರ ಅರ್ಥ ಏನು ಅಂತ ಏಳನೇ ಅಧ್ಯಾಯದಲ್ಲಿ ಅವರೇ ಎಎಸ್‌ಐಗೆ ವಿವರಿಸ್ತಾರೆ, ನನಗೆ ವಿವರಿಸಿದ ಹಾಗೆಯೇ, ಕೈ ನಿಲ್ಲಿಸದೆ.

ನಮ್ಮ ಮನೆಯಲ್ಲಿ ಏನಾಯಿತು ಅಂತ ನೀವು ಕೇಳಬಹುದು. ಅಜ್ಜಿಗೆ ಆ ಅಧ್ಯಾಯ ಓದಿ ಹೇಳಿದೆ. ಕೇಳಿ ಸುಮ್ಮನೆ ಎದ್ದು ಹೋದರು. ಮಾರನೆಯ ವಾರ ಅಣ್ಣ ಬಂದಾಗ ಅಜ್ಜಿ ಒಳಗಿನಿಂದಲೇ ‘ಬಾಪ್ಪ, ಕಾಪಿ ಆಯ್ತು’ ಅಂದರು. ಅವರು ಜಗುಲಿಯ ಹತ್ತಿರ ನಿಂತು ‘ಕೈಯೆಲ್ಲ ನಾರು ಕಣವ್ವಾ, ಇಲ್ಲೇ ಕೊಡಿ’ ಅಂದರು. ಅಜ್ಜಿ ಕೊಡಲಿಲ್ಲ, ಅವರು ಒಳಗೆ ಬರಲೂ ಇಲ್ಲ. ಕಾಫಿ ಅಡುಗೆಮನೆಯಲ್ಲೇ ಆರಿತು. ಅಷ್ಟು ಬೇಗ ಆಗುವಂಥದ್ದಲ್ಲ ಅದು. ಅಮ್ಮ ಮತ್ತೆ ಬಿಸಿ ಮಾಡಿ ತೆಗೆದುಕೊಂಡು ಹೋಗಿ ತಾನೂ ಜಗುಲಿ ಮೇಲೆ ಕೂತು ಕುಡಿದರು. ಕೆಂಚ ಇಬ್ಬರ ಮಧ್ಯೆ ಗೊಂದಲದಲ್ಲಿ ಮೂರು ಸುತ್ತು ಹಾಕಿ ಮಲಗಿದ.

ಇನ್ನೂ ಕಥೆ ಮುಗಿದಿಲ್ಲ. ಒಂಬತ್ತನೇ ಅಧ್ಯಾಯದಲ್ಲಿ ನಾನು ದಲ್ಲಾ‍ಳಿಯನ್ನ ಕಳ್ಳ ಮಾಡಿದ್ದೆ. ಬಿಸ್ಕತ್ತು ಹಾಕಿ ನಾಯಿಯ ಬಾಯಿ ಮುಚ್ಚಿಸಿ, ರಾತ್ರಿ ಅಟ್ಟ ಹತ್ತಿ, ಕಾಯಿ ಬದಲಾಯಿಸ್ತಾರೆ. ಕಳೆದ ಗುರುವಾರ ವಾಯ್ಸ್ ನೋಟ್ ಬಂತು. ಮಗಳು ನಗ್ತಾ ಇದ್ದಳು, ಹಿಂದೆ ಅಪ್ಪನ ದನಿ. ‘ಆವಯ್ಯ ಆ ಏಣಿ ಹತ್ತೋ ಪೈಕಿ ಅಲ್ಲ ಅಂತ ಹೇಳು. ಏಣಿ ಮೂರನೇ ಮೆಟ್ಲು ಅಲ್ಲಾಡ್ತದೆ, ಗೊತ್ತಿರೋರು ಅದ್ನ ಬುಟ್ಟು ನಾಕ್ನೇದುಕ್ ಕಾಲಿಕ್ತಾರೆ. ಕತ್ಲಲ್ಲಿ ಸದ್ದಿಲ್ದೆ ಹತ್ತಿದ್ದಾನೆ ಅಂದ್ರೆ ಮನೇವ್ನೇ ಇರ್ಬೇಕು.’

ಶುಕ್ರವಾರದ ರೈಲಿನಲ್ಲಿ ಸೀಟು ಸಿಕ್ಕಿತ್ತು. ಅಳಿಯನನ್ನ ಮೊದಲ ಅಧ್ಯಾಯದಿಂದ ಮತ್ತೆ ಬರೀತಿದ್ದೇನೆ.